ಮೂಲೆ ಸೇರಿದ ಬೈಕಿಗೆ ಮೊದಲು ಬ್ರೇಕು, ಕೊನೆಗೆ ಎಂಜಿನ್ನು

ವರ್ಷಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲೋ ಮೆಟ್ಟಿಲ ಕೆಳಗೋ ನಿಂತ ಬೈಕನ್ನು ಹೊರಗೆಳೆದವರು ಬಹುತೇಕ ಮೊದಲು ಮಾಡುವ ಕೆಲಸ ಒಂದೇ: ಒಂದಿಷ್ಟು ಹೊಸ ಪೆಟ್ರೋಲ್ ಸುರಿದು, ಪ್ಲಗ್ ಒರೆಸಿ, ಕಿಕ್ಕರ್ ಹೊಡೆಯುವುದು. ಎಂಜಿನ್ ಒಮ್ಮೆ ಸದ್ದು ಮಾಡಿತೆಂದರೆ ಮುಕ್ಕಾಲು ಕೆಲಸ ಮುಗಿದಂತೆಯೇ ಲೆಕ್ಕ. ಉಳಿದದ್ದು ತೊಳೆಯುವುದು, ಹೊಸ ಸೀಟ್ ಕವರ್ ಹಾಕಿಸುವುದು, ಊರೊಳಗೆ ಒಂದು ಸುತ್ತು ಹೋಗಿ ಬರುವುದು. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ಇಲ್ಲಿನ ವಾದ. ಓಡಿ ಸವೆದ ಗಾಡಿ ಬೇರೆ, ನಿಂತು ಕೆಟ್ಟ ಗಾಡಿ ಬೇರೆ. ಓಡಿದ ಗಾಡಿಯಲ್ಲಿ ಸವೆಯುವುದು ಪಿಸ್ಟನ್, ರಿಂಗ್, ಬೋರು, ಗಿಯರ್, ಕ್ಲಚ್ ಪ್ಲೇಟು. ನಿಂತ ಗಾಡಿಯಲ್ಲಿ ಕೆಡುವುದು ರಬ್ಬರು, ಗ್ರೀಸು, ಪೆಟ್ರೋಲು, ಕೇಬಲ್ಲು, ಬ್ರೇಕ್ ಲೈನರು, ವೈರು. ಎರಡನೆಯ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ತಿಳಿಯುತ್ತದೆ, ಸವಾರನ ಜೀವ ಕಾಯುವ ಭಾಗಗಳು ಬಹುತೇಕ ಅದರಲ್ಲೇ ಇವೆ. ಎಂಜಿನ್ ಚಾಲೂ ಆಯಿತೆಂಬುದು ಇವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೀಟರ್ ತೋರಿಸುವ ಕಿಲೋಮೀಟರ್ ಕೂಡ ಹೇಳುವುದಿಲ್ಲ. ‘ಬರೀ ಇಪ್ಪತ್ತು ಸಾವಿರ ಓಡಿದೆ’ ಎಂಬ ಮಾತು ಮಾರುವವರಿಗೆ ಅನುಕೂಲವಾದೀತು. ದುರಸ್ತಿ ಮಾಡುವವರು ಕೇಳಬೇಕಾದದ್ದು ಎಷ್ಟು ಓಡಿದೆ ಎಂದಲ್ಲ, ಎಷ್ಟು ವರ್ಷ, ಎಲ್ಲಿ, ಹೇಗೆ ನಿಂತಿತ್ತು ಎಂದು.

ಉದಾಹರಣೆಗೆ ನಮ್ಮದೇ ಗಾಡಿಯನ್ನು ತೆಗೆದುಕೊಳ್ಳೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನ ಬೈಕುಗಳನ್ನು ತಯಾರಿಸಿತು. ಹಾಗಾಗಿ ಅಲ್ಲಿಂದ ಹೊರಬಿದ್ದ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಅಪ್ಪನದೋ ಅಜ್ಜನದೋ ಆದ ಒಂದು ಯೆಜ್ಡಿ ಗೋಣಿಚೀಲ ಹೊದ್ದು ನಿಂತಿರುವುದು ಇಂದಿಗೂ ಅಪರೂಪವಲ್ಲ. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್, ಕಿಕ್ಕರ್ ಮತ್ತು ಗಿಯರ್‌ಗೆ ಒಂದೇ ಲಿವರ್. ಗಟ್ಟಿ ಗಾಡಿ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಆದರೆ ಗಟ್ಟಿಯಾಗಿರುವುದು ಅದರ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದರ ರಬ್ಬರಿಗೂ ಇತರ ಯಾವುದೇ ಬೈಕಿನ ರಬ್ಬರಿಗೂ ವ್ಯತ್ಯಾಸವಿಲ್ಲ. ಗಾಡಿಯ ಹೆಸರಿನ ಮೇಲಿನ ಈ ನಂಬಿಕೆಯೇ ಹಳೆಯ ಬೈಕಿನ ವಿಷಯದಲ್ಲಿ ಹೆಚ್ಚು ದಾರಿ ತಪ್ಪಿಸುತ್ತದೆ. ಮುಂದೆ ಹೇಳುವುದರಲ್ಲಿ ಬಹುಪಾಲು ಆರ್‌ಎಕ್ಸ್ 100ಕ್ಕೂ ಸ್ಪ್ಲೆಂಡರಿಗೂ ಅನ್ವಯಿಸುತ್ತದೆ. ಟೂ ಸ್ಟ್ರೋಕಿಗೆ ಮಾತ್ರ ಸಂಬಂಧಿಸಿದ ಕಡೆ ಹಾಗೆಂದೇ ಹೇಳಿದ್ದೇನೆ.

ಟೈರಿನಿಂದ ಶುರು ಮಾಡೋಣ, ಏಕೆಂದರೆ ಕಣ್ಣು ಮೋಸಹೋಗುವುದು ಇಲ್ಲಿಯೇ ಹೆಚ್ಚು. ನಿಂತ ಬೈಕಿನ ಟೈರಿನಲ್ಲಿ ಸಾಮಾನ್ಯವಾಗಿ ಒಳ್ಳೆಯ ಪಟ್ಟಿ (ಟ್ರೆಡ್) ಇರುತ್ತದೆ, ಓಡಿಲ್ಲವಲ್ಲ! ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನದ ಟೈರಿನ ಪಟ್ಟಿಯ ಆಳ ಕನಿಷ್ಠ 0.8 ಮಿಲಿಮೀಟರ್ ಇರಬೇಕೆನ್ನುತ್ತವೆ. ಆ ಪರೀಕ್ಷೆಯಲ್ಲಿ ಇಪ್ಪತ್ತು ವರ್ಷದ ಹಳೆಯ ಟೈರೂ ಸಲೀಸಾಗಿ ಪಾಸಾಗಬಹುದು. ರಬ್ಬರು ಸವೆಯದಿದ್ದರೂ ಗಾಳಿಯ ಆಮ್ಲಜನಕ, ಓಝೋನ್, ಬಿಸಿಲುಗಳಿಂದ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದ ರಬ್ಬರಿಗೆ ರಸ್ತೆಯ ಹಿಡಿತವಿಲ್ಲ, ಮಳೆಯಲ್ಲಂತೂ ಇಲ್ಲವೇ ಇಲ್ಲ. ಟೈರಿನ ಪಕ್ಕದ ಗೋಡೆಯನ್ನು ಬೆರಳಿನಿಂದ ಬಾಗಿಸಿ ನೋಡಿ, ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದರೆ ಅದರ ಆಯುಸ್ಸು ಮುಗಿದಿದೆ. ಅದೇ ಗೋಡೆಯ ಮೇಲೆ ಸಣ್ಣ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ನಾಲ್ಕು ಅಂಕಿಯ ಬದಲು ಮೂರೇ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ದಾಟಿದ್ದನ್ನು ನೋಡಲು ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಸಲಹೆ. ಟೈರಿನ ಜೊತೆಗೆ ಟ್ಯೂಬ್ ಮತ್ತು ರಿಮ್ಮಿನ ಒಳಗಿನ ರಬ್ಬರ್ ಪಟ್ಟಿ, ಎರಡನ್ನೂ ಬದಲಿಸಲೇಬೇಕು. ಹಳೆಯ ಟ್ಯೂಬಿನ ವಾಲ್ವ್ ಬುಡ ಹರಿದರೆ ಗಾಳಿ ಒಂದೇ ಏಟಿಗೆ ಹೋಗುತ್ತದೆ. ಟೈರ್ ಬಿಚ್ಚಿದಾಗ ರಿಮ್ಮಿನ ಒಳಮೈ ತುಕ್ಕು ಹಿಡಿದಿದೆಯೇ, ಕಡ್ಡಿಗಳು ಬಿಗಿಯಾಗಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಬಹುದು.

ಇನ್ನು ಬ್ರೇಕು. ಡ್ರಮ್ ಬ್ರೇಕಿನ ಶೂಗೆ ಲೈನರನ್ನು ಅಂಟಿಸಿರುತ್ತಾರೆ ಅಥವಾ ರಿವೆಟ್ ಹೊಡೆದಿರುತ್ತಾರೆ. ಅಂಟಿಸಿದ ಲೈನರಿನ ಅಡಿಗೆ ತೇವ ಸೇರಿ ಶೂ ತುಕ್ಕು ಹಿಡಿದರೆ ಅಂಟು ಬಿಡುತ್ತದೆ. ದಪ್ಪ ಚೆನ್ನಾಗಿರುವ, ಲಿವರ್ ಒತ್ತಿದರೆ ಹಿಡಿಯುವ ಬ್ರೇಕಿನಲ್ಲೂ ಮೊದಲ ಸಲ ಜೋರಾಗಿ ಹಿಡಿದಾಗ ಲೈನರ್ ಕಳಚಿ ಡ್ರಮ್ಮಿನೊಳಗೆ ಮಡಚಿಕೊಂಡರೆ ಚಕ್ರವೇ ಕಚ್ಚಿಕೊಳ್ಳಬಹುದು. ಆದ್ದರಿಂದ ಬ್ರೇಕ್ ಹಿಡಿಯುತ್ತದೆಯೇ ಎಂದು ಹೊರಗಿನಿಂದ ನೋಡಿ ತೃಪ್ತರಾಗುವಂತಿಲ್ಲ, ಚಕ್ರ ಬಿಚ್ಚಲೇಬೇಕು. ಒಳಗಿನ ಪುಡಿಯನ್ನು ಬಾಯಿಯಿಂದ ಊದಬೇಡಿ, ಗಾಳಿ ಪಂಪನ್ನೂ ಹಿಡಿಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಬಳಕೆ ಸಾಮಾನ್ಯವಾಗಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎಸೆಯಿರಿ. ಡ್ರಮ್ಮಿನ ತೆಳು ತುಕ್ಕನ್ನು ಎಮರಿ ಕಾಗದದಿಂದ ತೆಗೆಯಬಹುದು, ಗುಂಡಿ ಬಿದ್ದಿದ್ದರೆ ಲೇತಿಗೆ ಕೊಡಬೇಕು. ಶೂಗಳನ್ನು ಅಗಲಿಸುವ ಕ್ಯಾಮ್ ಬಹುತೇಕ ಬಿಗಿದುಕೊಂಡಿರುತ್ತದೆ. ಅದನ್ನು ಹೊರತೆಗೆದು ಒರೆಸಿ ತೆಳ್ಳಗೆ ಗ್ರೀಸ್ ಸವರಬೇಕು, ಹೆಚ್ಚಾದರೆ ಅದೇ ಕರಗಿ ಲೈನರಿಗೆ ತಗಲುತ್ತದೆ. ಕೇಬಲ್ ವಿಷಯದಲ್ಲಿ ಎಣ್ಣೆ ಬಿಟ್ಟು ಸುಧಾರಿಸುವ ಆಸೆ ಬೇಡ. ಲಿವರಿನ ಬಳಿಯ ಗುಂಡಿನ ಪಕ್ಕ ಒಂದು ಎಳೆ ಹರಿದಿದ್ದರೂ ಕೇಬಲ್ ಹೊಸದೇ ಬರಲಿ. ನಂತರದ ಕಾಲದ ಡಿಸ್ಕ್ ಬ್ರೇಕಿನ ಬೈಕಾದರೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ, ಬಿಸಿಯಾದಾಗ ಆ ನೀರು ಕುದಿದು ಲಿವರ್ ಮೆತ್ತಗಾಗುತ್ತದೆ. ಆಯಿಲ್, ಹೋಸ್, ಸೀಲುಗಳನ್ನು ಒಟ್ಟಿಗೇ ಬದಲಿಸಬೇಕು.

‘ನಾನೇನು ಹೆದ್ದಾರಿಗೆ ಹೋಗುವುದಿಲ್ಲ, ಊರೊಳಗೆ ನಲವತ್ತರ ಮೇಲೆ ಓಡಿಸುವುದಿಲ್ಲ’ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಚೆನ್ನಾಗಿರುವ ಟೈರು, ಬ್ರೇಕು ಸೇರಿ ಒಣ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 6 ಮೀಟರಿನಷ್ಟು ವೇಗ ಇಳಿಸಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಹತ್ತು ಮೀಟರ್. ಗಟ್ಟಿಯಾದ ಟೈರು, ಜಾರುವ ಲೈನರುಗಳಿಂದ ಆ ಶಕ್ತಿ ಅರ್ಧಕ್ಕಿಳಿದರೆ ದೂರ ಇಪ್ಪತ್ತು ಮೀಟರ್ ದಾಟುತ್ತದೆ. ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ ಇನ್ನೂ 11 ಮೀಟರ್ ಮುಂದೆ ಹೋಗಿರುತ್ತದೆ. ಶಾಲೆಯಿಂದ ಓಡಿ ಬರುವ ಮಗು, ರಸ್ತೆಗಿಳಿಯುವ ಕರು ಇರುವುದು ಹೆದ್ದಾರಿಯಲ್ಲಲ್ಲ, ಊರೊಳಗೇ. ಈಗಿನ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ 125 ಸಿಸಿವರೆಗೆ ಎರಡೂ ಚಕ್ರದ ಬ್ರೇಕನ್ನು ಜೋಡಿಸುವ ಸಿಬಿಎಸ್, ಅದಕ್ಕಿಂತ ಹೆಚ್ಚಿನದಕ್ಕೆ ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಹಳೆಯ ಬೈಕಿಗೆ ಆ ನೆರವು ಯಾವುದೂ ಇಲ್ಲ. ಅದರ ಎರಡು ಡ್ರಮ್ಮು, ಎರಡು ಟೈರುಗಳೇ ಸರ್ವಸ್ವ. ಹೀಗಿರುವಾಗ ಅವನ್ನು ಅರ್ಧ ಶಕ್ತಿಯಲ್ಲಿ ಇಟ್ಟುಕೊಂಡು ರಸ್ತೆಗಿಳಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಂಜಿನ್ನೇ ಸತ್ತಿದ್ದರೆ ಟೈರು ಬ್ರೇಕಿಗೆ ಸುರಿದ ದುಡ್ಡು ದಂಡವಲ್ಲವೇ? ಮೊದಲು ಅದು ಬದುಕಿದೆಯೋ ಇಲ್ಲವೋ ತಿಳಿಯಬೇಡವೇ? ತಿಳಿಯಬೇಕು, ಒಪ್ಪುತ್ತೇನೆ. ಆದರೆ ಅದಕ್ಕೆ ಎಂಜಿನ್ ಚಾಲೂ ಮಾಡಬೇಕಿಲ್ಲ, ಮಾಡಲೂಬಾರದು. ಟೂ ಸ್ಟ್ರೋಕ್ ಎಂಜಿನ್ನಿನ ಗೋಡೆಯಲ್ಲಿ ಪೋರ್ಟುಗಳಿರುವುದರಿಂದ ಸೈಲೆನ್ಸರಿನ ಮೂಲಕ ಮಳೆಗಾಲದ ತೇವ ನೇರ ಪಿಸ್ಟನ್ನಿನವರೆಗೂ ಹೋಗಬಲ್ಲದು. ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು. ರಿಂಗುಗಳು ಪಿಸ್ಟನ್ನಿನ ತೋಡುಗಳಲ್ಲೇ ಅಂಟಿ, ಬೋರಿಗೆ ತುಕ್ಕು ಹಿಡಿದಿರುವಾಗ ಕಿಕ್ಕರ್ ಮೇಲೆ ಬಲ ಹಾಕಿದರೆ ರಿಂಗ್ ಮುರಿದು ಪೋರ್ಟಿನ ಅಂಚಿಗೆ ಸಿಕ್ಕಿ, ಬರೀ ಶುಚಿ ಮಾಡಿದರೆ ಸಾಕಾಗಿದ್ದ ಸಿಲಿಂಡರು ಬೋರಿಂಗ್‌ಗೆ ಹೋಗುತ್ತದೆ. ಬದಲಿಗೆ ಪ್ಲಗ್ ಬಿಚ್ಚಿ ಒಂದೆರಡು ಚಮಚ 2ಟಿ (ಟೂ ಸ್ಟ್ರೋಕ್) ಆಯಿಲ್ ಒಳಗೆ ಬಿಡಿ, ಒಂದು ರಾತ್ರಿ ಹಾಗೇ ಇರಲಿ. ಮರುದಿನ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಟಾಪ್ ಗಿಯರಿಗೆ ಬೀಳಿಸಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಅಲುಗಿಸಿ. ಪಿಸ್ಟನ್ ಬಿಟ್ಟುಕೊಂಡು ಪೂರ್ತಿ ಸುತ್ತು ತಿರುಗಿದರೆ ಎಂಜಿನ್ನಿನ ಬಗ್ಗೆ ಆಶೆ ಇಟ್ಟುಕೊಳ್ಳಬಹುದು. ಆಮೇಲೆ ಗ್ಯಾರೇಜಿನ ಕಂಪ್ರೆಷನ್ ಗೇಜ್ ಹಾಕಿಸಿದರೆ ರಿಂಗಿನ ಸ್ಥಿತಿ ತಿಳಿಯುತ್ತದೆ. ಎಷ್ಟು ಪ್ರಯತ್ನಿಸಿದರೂ ಅಲುಗದಿದ್ದರೆ ಹೆಡ್ ಬಿಚ್ಚಿ ನೋಡಿ ನಿರ್ಧರಿಸಿ. ಇಷ್ಟರಿಂದಲೇ ಖರ್ಚಿನ ಅಂದಾಜು ಸಿಗುತ್ತದೆ, ಯಾವ ಅಪಾಯವೂ ಇಲ್ಲದೆ.

ದುಡ್ಡಿನ ಮಾತು ಬಂದದ್ದರಿಂದ ಇದನ್ನೂ ಇಲ್ಲೇ ಹೇಳಿಬಿಡಬೇಕು: ಒಂದು ರೂಪಾಯಿ ಖರ್ಚು ಮಾಡುವ ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಪುಸ್ತಕಕ್ಕೆ ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದ ಗಾಡಿಯನ್ನು ಎಷ್ಟು ಚೆಂದ ಮಾಡಿದರೂ ರಸ್ತೆಗೆ ತರುವುದು ಕಷ್ಟ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ವಾಹನಗಳಿಗೆ ಈ ಶುಲ್ಕ 2025ರಲ್ಲಿ ಏರಿದೆ, ಜೊತೆಗೆ ಹಸಿರು ತೆರಿಗೆಯೂ ಇದೆ. ಹದಿನೈದು ತುಂಬಿತೆಂದರೆ ಗುಜರಿಯೇ ಗತಿ ಎಂದು ಹಲವರು ತಿಳಿದಿದ್ದಾರೆ. ದೆಹಲಿ ಸುತ್ತಲಿನ ನಿರ್ಬಂಧದ ಸುದ್ದಿಯಿಂದ ಹುಟ್ಟಿದ ಭಯ ಅದು, ಕರ್ನಾಟಕದಲ್ಲಿ ಹಾಗಿಲ್ಲ. ಗಾಡಿ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ವಾರಸುದಾರರು ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಬೈಕಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದಾದರೂ ಆ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ದಿನವೂ ಓಡಿಸುವ ಆಸೆಯಿದ್ದವರು ಆ ದಾರಿ ಹಿಡಿಯಬೇಡಿ.

ಮುಂದಿನದು ಪೆಟ್ರೋಲು, ಇದರಲ್ಲಿ ಕಾಲ ಬದಲಾಗಿದೆ ಎಂಬುದನ್ನು ಹಳೆಯ ಮೆಕ್ಯಾನಿಕ್ಕುಗಳೂ ಗಮನಿಸಬೇಕು. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್ ವಾರ್ನಿಷಿನಂತೆ ಅಂಟಾಗಿ ಕಾರ್ಬ್ಯುರೇಟರಿನ ಜೆಟ್ಟಿನ ಸೂಜಿಕಣ್ಣನ್ನು ಮುಚ್ಚಿರುತ್ತದೆ. ಅದನ್ನು ಪೂರ್ತಿ ಹೊರಹಾಕಬೇಕು, ಹೊಸದರ ಜೊತೆ ಬೆರೆಸಿ ಮುಗಿಸುವ ಜಾಣತನ ಬೇಡ. ಟ್ಯಾಂಕಿನ ತುಕ್ಕಿಗೆ ವಿನೆಗರ್ ತುಂಬಿ ಒಂದೆರಡು ದಿನ ಬಿಟ್ಟು, ಅಡುಗೆ ಸೋಡಾದ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ ಒಳಗೆಲ್ಲ ಎಣ್ಣೆ ಸವರಿದರೆ ಸಾಕು. ತೂತಿದ್ದರೆ ಬೆಸುಗೆಗೆ ಅನುಭವಿಗಳ ಹತ್ತಿರವೇ ಹೋಗಬೇಕು, ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಇನ್ನು ಹೊಸ ಪೆಟ್ರೋಲು. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಬಹುತೇಕ ಸಿಗುವುದು ಅದೇ. ಯೆಜ್ಡಿ ತಯಾರಾದ ಕಾಲದ ಪೈಪು, ಪೆಟ್ರೋಲ್ ಕಾಕಿನ ವಾಷರುಗಳನ್ನು ಎಥನಾಲಿಗೆಂದು ಮಾಡಿರಲಿಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಸೋರುತ್ತವೆ. ಬಿಸಿ ಸಿಲಿಂಡರಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲ್ ಎಂದರೆ ಬೆಂಕಿ. ಹಾಗಾಗಿ ಈ ರಬ್ಬರುಗಳನ್ನೆಲ್ಲ ಎಥನಾಲ್ ತಡೆಯುವ ಹೊಸವುಗಳಿಂದ ಬದಲಿಸಬೇಕು. ಎಥನಾಲ್ ನೀರನ್ನೂ ಹೀರುತ್ತದೆ. ಹೀರಿದ ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಯೆಜ್ಡಿಯಂಥ ಗಾಡಿಗೆ ಇದು ಎರಡು ಪಟ್ಟು ಕೆಡುಕು, ಏಕೆಂದರೆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ಕಾಕ್ ಎಳೆದುಕೊಳ್ಳುವ ತಳದಲ್ಲಿ ಆಯಿಲ್ಲೇ ಇರುವುದಿಲ್ಲ. ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿಡುವ ಹಳೆಯ ಅಭ್ಯಾಸವನ್ನು ಟೂ ಸ್ಟ್ರೋಕಿನವರು ಬಿಡಬೇಕು.

ಟೂ ಸ್ಟ್ರೋಕಿನಲ್ಲಿ ಎಂಜಿನ್ನೂ ಸುರಕ್ಷತೆಯ ಪ್ರಶ್ನೆಯೇ ಆಗುವ ಒಂದು ಜಾಗವಿದೆ: ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು. ಇವೂ ರಬ್ಬರು, ಇವೂ ನಿಂತು ಒಣಗುತ್ತವೆ. ಒಣಗಿದ ಸೀಲಿನ ಮೂಲಕ ಕ್ರ್ಯಾಂಕ್ ಕೇಸಿಗೆ ಹೊರಗಿನ ಗಾಳಿ ನುಗ್ಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಜೊತೆಗೆ ಆಯಿಲ್ಲಿನ ಪಾಲೂ. ಇ20ಯಲ್ಲಿ ಆಮ್ಲಜನಕ ಮೊದಲೇ ಹೆಚ್ಚು, ಅದೂ ಇದನ್ನೇ ಇನ್ನಷ್ಟು ಬಲಪಡಿಸುತ್ತದೆ. ಪಿಸ್ಟನ್ ಮಿತಿಮೀರಿ ಕಾದು ಬೋರಿಗೆ ಹಿಡಿದುಕೊಂಡರೆ ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎಂಜಿನ್ ಚಾಲೂ ಆದ ಖುಷಿಯಲ್ಲಿ ಇದರ ಸೂಚನೆಗಳು ಗಮನಕ್ಕೆ ಬರುವುದಿಲ್ಲ: ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿರುವುದು, ಪ್ಲಗ್ ತುದಿ ಸುಣ್ಣದಂತೆ ಬಿಳಿಯಾಗುವುದು. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗಿಯರ್ ಆಯಿಲ್ ಒಳಕ್ಕೆ ಹೀರಿಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗಿಯರ್ ಬಾಕ್ಸಿನ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಸೀಲಿನ ಬೆಲೆ ಪಿಸ್ಟನ್, ಬೋರಿಂಗ್‌ಗಳ ಮುಂದೆ ಏನೂ ಅಲ್ಲ, ಹತ್ತು ವರ್ಷ ನಿಂತ ಗಾಡಿಗೆ ಪರೀಕ್ಷೆಯ ಗೋಜಿಲ್ಲದೆ ಎರಡನ್ನೂ ಬದಲಿಸಿ ಎಂದೇ ನನ್ನ ಸಲಹೆ. ಆಯಿಲ್ ಲೆಕ್ಕದಲ್ಲಿ ಹಳೆಯ ಯೆಜ್ಡಿಗೆ ಲೀಟರಿಗೆ 40ರಿಂದ 50 ಮಿಲಿಲೀಟರ್ ಎಂಬುದನ್ನು ಮರೆಯಬೇಡಿ. ಆರ್‌ಎಕ್ಸ್ 100ರಲ್ಲಿ ಪಂಪು ತಾನೇ ಆಯಿಲ್ ಕೊಡುತ್ತದೆ, ಆದರೆ ಒಣಗಿ ನಿಂತ ಪಂಪಿನ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಗಾಳಿ ಹೊರಹಾಕಿ, ಮೊದಲ ಟ್ಯಾಂಕಿಗೆ ಪೆಟ್ರೋಲಿನಲ್ಲೂ ಆಯಿಲ್ ಬೆರೆಸಿಯೇ ಓಡಿಸಿ.

ಉಳಿದ ಕೆಲಸಗಳು ಬೇಸರದವು, ಆದರೆ ಬಿಡುವಂತಿಲ್ಲ. ಹ್ಯಾಂಡಲ್ ಮತ್ತು ಚಕ್ರದ ಬೇರಿಂಗುಗಳ ಗ್ರೀಸ್ ಗಟ್ಟಿಯಾಗಿರುತ್ತದೆ, ಬಿಚ್ಚಿ ತೊಳೆದು ಹೊಸದು ತುಂಬಬೇಕು. ಯೆಜ್ಡಿಯ ಚೈನು ಪೂರ್ತಿ ಕವಚದೊಳಗೆ ಇರುವುದರಿಂದ ತುಕ್ಕು ಕಾಣುವುದಿಲ್ಲ, ಕವಚ ತೆಗೆದೇ ನೋಡಿ. ಏರ್ ಫಿಲ್ಟರಿನಲ್ಲಿ ಇಲಿ, ಸೈಲೆನ್ಸರಿನಲ್ಲಿ ಕಣಜ ಗೂಡು ಕಟ್ಟಿರಬಹುದು, ವೈರಿನ ಹೊದಿಕೆಯನ್ನು ಇಲಿ ಕಡಿದಿದ್ದರೆ ಟೇಪು ಸುತ್ತದೆ ಆ ವೈರನ್ನೇ ಬದಲಿಸಿ, ಬ್ಯಾಟರಿಗೆ ಫ್ಯೂಸ್ ಇರಲಿ. ಹಳೆಯ ಜಾವಾ, ಯೆಜ್ಡಿಗಳ ಕಿಡಿ ಬ್ಯಾಟರಿಯನ್ನೇ ನೆಚ್ಚಿಕೊಂಡದ್ದು. ಸತ್ತ ಬ್ಯಾಟರಿ ಇಟ್ಟುಕೊಂಡು ಕಿಕ್ಕರ್ ಹೊಡೆಯುತ್ತಾ ಕಾರ್ಬ್ಯುರೇಟರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಕಾಂಟ್ಯಾಕ್ಟ್ ಪಾಯಿಂಟನ್ನು ಒರೆಸಿ ಅಂತರ 0.4 ಮಿಲಿಮೀಟರಿಗೆ ಇಡಿ, ಕಂಡೆನ್ಸರ್ ಹೊಸದಾಗಲಿ.

ಮೂಲ ಬಿಡಿಭಾಗವನ್ನೇ ಉಳಿಸಿಕೊಳ್ಳಬೇಕೆನ್ನುವ ಪ್ರೇಮಿಗಳ ಮಾತಿಗೆ ಗೌರವವಿದೆ. ಮೈಸೂರಿನ ಕಾರ್ಖಾನೆಯಿಂದ ಬಂದ ಟ್ಯಾಂಕ್, ಮಡ್‌ಗಾರ್ಡ್, ಬ್ಯಾಡ್ಜ್‌ಗಳನ್ನು ಖಂಡಿತ ಉಳಿಸಿ, ಹೊಸ ಬಣ್ಣ ಬಳಿದು ಹಾಳು ಮಾಡುವುದಕ್ಕಿಂತ ಹಳೆಯ ಬಣ್ಣವೇ ಮೇಲು. ಆದರೆ ಟೈರು, ಕೇಬಲ್, ಲೈನರು, ಸೀಲುಗಳು ಗಾಡಿ ಹೊಸದಾಗಿದ್ದಾಗಲೂ ಬದಲಿಸಲೆಂದೇ ಮಾಡಿದವು, ಅವುಗಳಲ್ಲಿ ಪರಂಪರೆಯನ್ನು ಹುಡುಕುವುದು ಬೇಡ. ಗ್ಯಾರೇಜಿಗೆ ಒಪ್ಪಿಸುವವರೂ ‘ಫುಲ್ ಸರ್ವೀಸ್ ಮಾಡಿ’ ಎಂದು ಬಿಟ್ಟು ಬರಬಾರದು. ಆ ಎರಡು ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಬದಲಿಸಬೇಕಾದದ್ದನ್ನು ಹೆಸರು ಹಿಡಿದು ಬರೆದುಕೊಡಿ, ತೆಗೆದ ಹಳೆಯ ಭಾಗಗಳನ್ನು ಮರಳಿ ಕೇಳಿ.

ಇಷ್ಟಾದ ಮೇಲೆ ಕಿಕ್ಕರ್. ಬಯಲಿನಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡು ಚಾಲೂ ಮಾಡಿ, ಸೈಲೆನ್ಸರಿನಲ್ಲಿ ನಿಂತ ಹಳೆಯ ಎಣ್ಣೆ ಉರಿದು ಮುಗಿಯುವವರೆಗೆ ಹೊಗೆ ಬಂದರೆ ಗಾಬರಿ ಬೇಡ. ವಿಮೆ, ಎಮಿಷನ್ ಸರ್ಟಿಫಿಕೇಟ್ ಇಲ್ಲದೆ ಆರ್‌ಟಿಒ ಕಚೇರಿಗೂ ಓಡಿಸಿಕೊಂಡು ಹೋಗುವಂತಿಲ್ಲ, ಟೆಂಪೊದಲ್ಲಿ ಹಾಕಿಕೊಂಡು ಹೋಗಿ. ಕಾಗದ ಸರಿಯಾದ ಮೇಲೆ ಮೊದಲ ಸವಾರಿ ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿ, ಇಪ್ಪತ್ತರ ವೇಗದಲ್ಲಿ ಹತ್ತಾರು ಸಲ ಬ್ರೇಕ್ ಹಿಡಿದು ಹೊಸ ಲೈನರು ಡ್ರಮ್ಮಿಗೆ ಕೂರುವಂತೆ ಮಾಡುವುದಕ್ಕೆ. ಮನೆಗೆ ಬಂದು ಹಬ್ ಮುಟ್ಟಿ ನೋಡಿ, ಒಂದು ಚಕ್ರದ್ದು ಸುಡುವಷ್ಟು ಬಿಸಿಯಾಗಿದ್ದರೆ ಶೂ ಬಿಡುತ್ತಿಲ್ಲ. ಸುಮಾರು ನೂರು ಕಿಲೋಮೀಟರ್ ಆಗುತ್ತಲೇ ಕಡ್ಡಿ, ಚೈನ್, ಬ್ರೇಕ್ ಕೇಬಲ್‌ಗಳ ಬಿಗಿಯನ್ನು ಮತ್ತೆ ನೋಡಬೇಕು, ಹೊಸ ಕೇಬಲ್ ಮೊದಲು ಸ್ವಲ್ಪ ಎಳೆದುಕೊಳ್ಳುತ್ತದೆ. ಪ್ಲಗ್ ತೆಗೆದು ನೋಡಿ: ತುದಿ ಕಂದುಬಣ್ಣವಿದ್ದರೆ ಸರಿ, ಬಿಳಿಯಿದ್ದರೆ ಅಲ್ಲಿಗೇ ಓಡಿಸುವುದನ್ನು ನಿಲ್ಲಿಸಿ ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಿ.